ಜರ್ಮನ್ ಮಗ್ಗಿಗೆ ಕುಷ್ಟಗಿಯ ಹಿಡಿಕೆ

ಕುಷ್ಟಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಲಾರಿಗಳ ಗದ್ದಲ ಶುರುವಾಗುವ ಮೊದಲೇ ಸುಂಕಲಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಬೂದುಬಣ್ಣದ ಮಗ್ಗೊಂದನ್ನು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಡುತ್ತಾರೆ. ಠಣ್ ಎಂದರೆ ಮೈ ಗಟ್ಟಿ. ಠಸ್ ಎಂದರೆ ಎಲ್ಲೋ ಕಣ್ಣಿಗೆ ಕಾಣದ ಸೀಳು. ಸಂತೆಯಲ್ಲಿ ಮಡಕೆ ಕೊಳ್ಳುವವರೆಲ್ಲ ಮಾಡುವುದು ಇದನ್ನೇ. ಆದರೆ ಇದು ನೂರು ವರ್ಷಕ್ಕೂ ಹಳೆಯ ಜರ್ಮನ್ ಮಗ್ಗು. ಮೈತುಂಬ ನೀಲಿ ಬಳ್ಳಿ, ಮೇಲೆ ತವರದ ಮುಚ್ಚಳ. ಇವತ್ತು ಅದು ಗಂಗಾವತಿಯ ಯಜಮಾನರ ಮನೆಗೆ ಮರಳಬೇಕು, ಎರಡನೇ ಸಲ.

ಅರವತ್ತರ ಅಂಚಿನ ಸುಂಕಲಮ್ಮನ ಕಸುಬು ಉಪ್ಪಿನಕಾಯಿ ಭರಣಿಗಳ ರಿಪೇರಿ. ಅತ್ತೆಯಿಂದ ಕಲಿತದ್ದು. ನೀರು ಹಿಂಡಿದ ಮೊಸರಿಗೆ ಸುಣ್ಣ ಬೆರೆಸಿ ನಾದಿದರೆ ಅಂಟು ಸಿದ್ಧ. ಒಂದು ಕಾಲಕ್ಕೆ ಕನಕಗಿರಿಯಿಂದ ಯಲಬುರ್ಗಾದವರೆಗೆ ಕರೆ ಬರುತ್ತಿತ್ತು. ಈಗ ಪ್ಲಾಸ್ಟಿಕ್ ಡಬ್ಬಿಗಳ ಕಾಲ. ವಾರಕ್ಕೆರಡು ಭರಣಿ ಬಂದರೆ ಹೆಚ್ಚು. ಉಳಿದ ದಿನ ದಾಳಿಂಬೆ ತೋಟದಲ್ಲಿ ಕೂಲಿ. ಈ ಭರಣಿ ಕೆಲಸ ಬಿಟ್ಟುಬಿಡು ಎಂದು ಮಗ ಓಬಳೆಪ್ಪ ಹೇಳುತ್ತಲೇ ಇರುತ್ತಾನೆ, ಇವರು ಕೇಳಿಸದವರಂತೆ ಸುಣ್ಣ ನಾದುತ್ತಲೇ ಇರುತ್ತಾರೆ.

ಗಂಗಾವತಿಯ ಅಕ್ಕಿ ವ್ಯಾಪಾರಿ ದೇವೇಂದ್ರಪ್ಪನವರ ಮುತ್ತಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿನ ಹರಾಜಿನಲ್ಲಿ ಇಂಥ ಆರು ಮಗ್ಗು ಕೊಂಡಿದ್ದರಂತೆ. ಬಿಯರಿಗೆಂದು ಹುಟ್ಟಿದ ಮಗ್ಗುಗಳು ಈ ಮನೆಗೆ ಬಂದು ಮಜ್ಜಿಗೆಗೆ ಒಗ್ಗಿಕೊಂಡಿವೆ. ಒಂದರ ಅಂಚು ಮುಕ್ಕಾಗಿದ್ದು ಬಿಟ್ಟರೆ ಐದಕ್ಕೆ ಈಗಲೂ ಏನೂ ಆಗಿಲ್ಲ. ಆರನೆಯದು ದೇವೇಂದ್ರಪ್ಪನವರ ತಾಯಿ ವಿರೂಪಾಕ್ಷಮ್ಮನವರದು. ಮನೆಗೆ ಬಣ್ಣ ಹೊಡೆಸುವಾಗ ಕಪಾಟಿನಿಂದ ಬಿದ್ದು ಅದರ ಮೈ ಸೀಳಿತು, ಹಿಡಿಕೆ ಕಿತ್ತುಬಂತು. ಅಂಟಿಸಿಕೊಡುತ್ತೇವೆ, ಶೋಕೇಸಿನಲ್ಲಿಡಿ, ಏನನ್ನೂ ಸುರಿಯಬೇಡಿ ಎಂದರು ದೊಡ್ಡ ಊರಿನ ಅಂಗಡಿಯವರು. ಕುಡಿಯಲು ಬಾರದ ಮಗ್ಗು ತನಗೆ ಬೇಡವೆಂದು ಅಜ್ಜಿ ಹಟ ಹಿಡಿದರು. ಹಾಗೆ ಮಗ್ಗು ಸುಂಕಲಮ್ಮನ ಕೈಗೆ ಬಂತು.

ಮೊದಲ ಸಲ ರಿಪೇರಿಯಾಗಿ ಹೋದಾಗ ಒಂದು ಹನಿಯೂ ಸೋರಲಿಲ್ಲ. ಆದರೆ ಬೀಗರ ಮುಂದೆ ಅಜ್ಜಿ ತುಂಬಿದ ಮಗ್ಗನ್ನು ಎತ್ತಿದ್ದೇ ತಡ, ಹಿಡಿಕೆ ಕೈಯಲ್ಲಿ ಉಳಿಯಿತು, ಮಗ್ಗು ಮಡಿಲಿಗೆ ಬಿತ್ತು, ಮಜ್ಜಿಗೆ ಸೀರೆಯ ಪಾಲಾಯಿತು. ಪುಣ್ಯಕ್ಕೆ ಮಗ್ಗು ಮತ್ತೆ ಒಡೆಯಲಿಲ್ಲ.

“ತಪ್ಪು ನಂದ ರೀ,” ಎನ್ನುತ್ತಾರೆ ಸುಂಕಲಮ್ಮ. “ಭರಣಿ ಕಿವಿ ಹಿಡದು ಯಾರೂ ಎತ್ತಂಗಿಲ್ಲ ನೋಡ್ರಿ. ಬುಡಕ್ಕ ಕೈ ಕೊಟ್ಟು ಎತ್ತತೀವಿ. ಕಿವಿ ಇರೋದು ಬಾಯಿಗೆ ಬಟ್ಟಿ ಕಟ್ಟಿದ ದಾರ ಸುತ್ತಾಕ. ಇದನ್ನ ಒಂದ ಕೈಲೆ, ಹಿಡಿಕಿ ಹಿಡದು ಎತ್ತತಾರ ಅನ್ನೋದು ನನ್ನ ತಲ್ಯಾಗ ಬರಲೇ ಇಲ್ಲ.”

ಸುದ್ದಿ ಕುಷ್ಟಗಿಗೂ ಮುಟ್ಟಿತು. ರಿಪೇರಿಗೆ ಕೊಟ್ಟಿದ್ದ ಭರಣಿಗಳನ್ನು ಕೆಲವರು ಹಾಗೆಯೇ ವಾಪಸು ಒಯ್ದರು. ಮಗ್ಗನ್ನು ಇನ್ನೊಂದು ಸಲ ಕೊಡಿ, ಈ ಸಲವೂ ಕೈಕೊಟ್ಟರೆ ಕಸುಬನ್ನೇ ಬಿಡುತ್ತೇನೆ ಎಂದು ಸುಂಕಲಮ್ಮ ವಿರೂಪಾಕ್ಷಮ್ಮನವರನ್ನು ಕೇಳಿಕೊಂಡರು. ಈಗ ಹಿಡಿಕೆ ಮೈಗೆ ಕೂಡುವ ಎರಡೂ ಕಡೆ ತಾಮ್ರದ ತಂತಿ ಸುತ್ತಿ, ಮಗ್ಗಿನ ಸುತ್ತ ಬಿಗಿದಿದ್ದಾರೆ. ಎಲ್ಲೂ ತೂತು ಕೊರೆದಿಲ್ಲ. ಕಸುಬು ಬಿಡು ಎನ್ನುತ್ತಿದ್ದ ಓಬಳೆಪ್ಪನೇ ವಾರವಿಡೀ ಅದಕ್ಕೆ ಮರಳು ತುಂಬಿ ಎತ್ತಿ ಇಳಿಸಿ ನೋಡಿದ್ದಾನೆ.

ಕೌದಿಯಲ್ಲಿ ಸುತ್ತಿದ ಮಗ್ಗನ್ನು ಮಡಿಲಲ್ಲಿಟ್ಟುಕೊಂಡು ಸುಂಕಲಮ್ಮ ಬಸ್ಸಿನಲ್ಲಿ ಗಂಗಾವತಿ ತಲುಪುತ್ತಾರೆ. ಅವರ ಕಥೆ ಬರೆಯಲು ಬಂದ ನಾನೂ ಜೊತೆಗಿದ್ದೇನೆ. ಪಡಸಾಲೆಯಲ್ಲಿ ವಿರೂಪಾಕ್ಷಮ್ಮ ಮಗ್ಗಿನ ತುಂಬ ಮಜ್ಜಿಗೆ ಸುರಿಸಿಕೊಳ್ಳುತ್ತಾರೆ. ದೇವೇಂದ್ರಪ್ಪ ಕೆಳಗೊಂದು ಪರಾತ ಹಿಡಿಯಲು ಹೋಗಿ ತಾಯಿಯಿಂದ ಬೈಸಿಕೊಳ್ಳುತ್ತಾರೆ. ಅಜ್ಜಿ ಒಂದೇ ಕೈಯಲ್ಲಿ ಹಿಡಿಕೆ ಹಿಡಿದು, ಹೆಬ್ಬೆರಳಿನಿಂದ ಮುಚ್ಚಳ ಸರಿಸಿ ಎತ್ತುತ್ತಾರೆ. ಗಟಗಟನೆ ಅಷ್ಟನ್ನೂ ಕುಡಿದೇ ಕೆಳಗಿಡುತ್ತಾರೆ. ಹಿಡಿಕೆ ಮಿಸುಕಿಲ್ಲ. ನನಗಂತೂ ಶಿಳ್ಳೆ ಹೊಡೆಯಬೇಕೆನಿಸುತ್ತದೆ.

“ತಂತಿ ಭಾಳ ಛಲೋ ಒಪ್ಪೈತಿ, ಬಳಿ ಇಟ್ಟಂಗ,” ಎಂದು ವಿರೂಪಾಕ್ಷಮ್ಮ ಅದೇ ಮಗ್ಗನ್ನು ಮತ್ತೆ ತುಂಬಿಸಿ ಸುಂಕಲಮ್ಮನ ಮುಂದೆ ಹಿಡಿಯುತ್ತಾರೆ. “ತಗೋ, ನೀನೂ ಇದರಾಗ ಕುಡಿ.”

ಸುಂಕಲಮ್ಮ ಅರೆಗಳಿಗೆ ತಡೆದು, ಹಿಡಿಕೆ ಹಿಡಿದೇ ಕುಡಿಯುತ್ತಾರೆ. ಹೊರಡುವಾಗ, ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರು ಕಪಾಟಿನತ್ತ ತಿರುಗಿ ನೋಡುತ್ತಾರೆ.

“ಉಳಿದ ಐದೂ ಇನ್ನ ನೂರು ವರ್ಷ ಬಾಳಲಿ ರೀ. ಒಡೀಲಿ ಅಂತ ನಾ ಯಾಕ ಬೇಡಲಿ? ಆದ್ರ ಒಡದ್ರ, ಕುಷ್ಟಗಿ ದಾಟಿ ಎಲ್ಲಿಗೂ ಒಯ್ಯಬ್ಯಾಡ್ರಿ. ನಾ ಅದೀನಿ.”