ತೂಕ ಸರಿಯಿದ್ದ ಕಾಯಿಲು

ಶಿರಸಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುತ್ತಿದ್ದ ಮಧುಕೇಶ್ವರ ಈ ಸಲದ ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟ. ಬನವಾಸಿಯವನು, ಹುಬ್ಬಳ್ಳಿಯಲ್ಲಿ ಕೆಲಸ ಕಲಿತವನು. ಕೈ ಒಳ್ಳೆಯದಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅವನು ಮಾತ್ರ ಕೊನೆಯವರೆಗೂ ತಾನು ತಂತಿ ಸುತ್ತಿದ ಒಂದು ಕಾಯಿಲನ್ನೇ ನೆನೆಯುತ್ತಿದ್ದ.

ಬನವಾಸಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಮದುವೆ ಮನೆಗಳಿಗೆ ದೀಪ ಹಾಕಿಸಲು ಸಾವ್ಕಾರ ವೀರಪ್ಪ ಕರೆಂಟು ಹುಟ್ಟಿಸುವ ಒಂದು ಡೈನಮೋ ಇಟ್ಟಿದ್ದ. ಅದನ್ನು ತಿರುಗಿಸುವ ಎಣ್ಣೆ ಇಂಜಿನ್ನು ನಿಲ್ಕುಂದದ ಚೌಡನ ಕೈಯಲ್ಲಿತ್ತು. ಎತ್ತಿನ ಮೈ ತಿಕ್ಕುವಂತೆ ಅದನ್ನು ತಿಕ್ಕಿ ಇಡುತ್ತಿದ್ದ ಚೌಡ. ೧೯೫೯ರ ಬೇಸಿಗೆಯಲ್ಲಿ ಡೈನಮೋದ ಕಾಯಿಲು ಸುಟ್ಟುಹೋಗಿ ಅದು ಶಿರಸಿಗೆ ರಿಪೇರಿಗೆ ಬಂತು. ಮಧುಕೇಶ್ವರ ತನ್ನ ರೂಢಿಯಂತೆ ಸುಟ್ಟ ತಂತಿಯನ್ನು ಅಡಿಕೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಅಷ್ಟೇ ತೂಕದ ಹೊಸ ತಂತಿ ಸುತ್ತಿದ. ಹಳೆಯದರಷ್ಟು ದಪ್ಪದ್ದು ಪೇಟೆಯಲ್ಲಿರಲಿಲ್ಲ, ಸಿಕ್ಕಿದ್ದು ತುಸು ತೆಳ್ಳಗಿನದು. ತೂಕ ಸರಿಯಿದೆಯಲ್ಲ ಎಂದುಕೊಂಡ.

ಮುರಿಗೆವ್ವನ ಮಗಳ ಮದುವೆಯಲ್ಲಿ ದೀಪಗಳೇನೋ ಹತ್ತಿದವು. ಪಂಕ್ತಿ ಕೂತ ಹೊತ್ತಿಗೆ ಎಲ್ಲ ಕೆಂಪಗೆ ಮಂಕಾದವು.

"ಏನೋ ವೀರಪ್ಪ, ಹೋಳಿಗಿ ಯಾವ್ದು, ಎಲಿ ಯಾವ್ದು ಗೊತ್ತಾಗವಲ್ದಲ್ಲೋ!" ಎಂದು ಯಾರೋ ಕೂಗಿದರು. ನಗೆ ಎದ್ದಿತು. ವೀರಪ್ಪ ಊಟಕ್ಕೆ ಬಂದಿದ್ದ ಮಧುಕೇಶ್ವರನ ಕಡೆ ತಿರುಗಿದ.

"ನನ್ನ ಕಾಯಿಲು ಸರಿ ಐತ್ರಿ. ಇಂಜಿನ್ ನಡಸಾಂವನ್ನ ಕೇಳ್ರಿ" ಎಂದ ಮಧುಕೇಶ್ವರ, ಪಂಕ್ತಿಗೆಲ್ಲ ಕೇಳುವಂತೆ.

"ಇಂಜಿನ್ ಓಟ ಕಮ್ಮಿ ಆಗಿಲ್ಲ ಸಾವ್ಕಾರ್ರೆ, ಸದ್ದು ಕೇಳಿ ನೋಡಿ" ಎಂದ ಚೌಡ. ಯಾರೂ ಕೇಳಲಿಲ್ಲ. ಮರುದಿನ ಅವನ ಕೆಲಸ ಹೋಯಿತು.

ಹೊಸಬ ಬಂದರೂ ದೀಪ ಮಂಕಾಗುವುದು ನಿಲ್ಲಲಿಲ್ಲ. ಡೈನಮೋ ಮತ್ತೆ ಶಿರಸಿಗೆ ಬಂತು. ಮಧುಕೇಶ್ವರ ಕಾಯಿಲು ಬಿಚ್ಚತೊಡಗಿದ. ಬಿಚ್ಚಿದಷ್ಟೂ ತಂತಿ ಬರುತ್ತಲೇ ಇತ್ತು. ಅದೇ ತೂಕಕ್ಕೆ ತೆಳು ತಂತಿ ಉದ್ದ ಹೆಚ್ಚು. ತೆಳುವಾದದ್ದೂ ಕರೆಂಟನ್ನು ತಡೆಯಿತು, ಉದ್ದವಾದದ್ದೂ ತಡೆಯಿತು. ಕಾದಷ್ಟೂ ತಾಮ್ರ ಇನ್ನಷ್ಟು ತಡೆಯಿತು. ಅದಕ್ಕೇ ಮೊದಲು ಹತ್ತಿದ ದೀಪಗಳು ಬರಬರುತ್ತ ಮಂಕಾಗುತ್ತಿದ್ದವು. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ತಕ್ಕಡಿಯನ್ನು ನಂಬಿ ಕೂತಿದ್ದ.

ಚೌಡ ಯಲ್ಲಾಪುರದಲ್ಲಿ ಲಾರಿಗೆ ಮರದ ನಾಟಾ ಹೇರುತ್ತಿದ್ದಾನೆಂದು ಕೇಳಿ ಮಧುಕೇಶ್ವರ ಅಲ್ಲಿಗೇ ಹೋದ.

"ತಪ್ಪು ನಂದು, ಚೌಡ. ಬಾ, ವೀರಪ್ಪಗ ನಾನ ಹೇಳ್ತೀನಿ."

ಚೌಡ ಹೆಗಲ ಮೇಲಿನ ಗೋಣಿ ಸರಿಮಾಡಿಕೊಂಡ. "ಅವತ್ತು ಊರಿಗೆಲ್ಲ ಕೇಳೋ ಹಂಗೆ ಹೇಳಿದ್ರಿ. ಇವತ್ತು ನನ್ನೊಬ್ಬನ ಹತ್ರ ಬಂದೀರಿ. ಉಂಡು ಹೋದೋರ್ನೆಲ್ಲ ಎಲ್ಲಿಂದ ಕರ್ಕಂಬರ್ತೀರಿ?" ಎಂದು ದಿಮ್ಮಿಯ ಕಡೆ ನಡೆದ.

ಮಧುಕೇಶ್ವರನಿಂದ ವಿಷಯ ತಿಳಿದು ವೀರಪ್ಪ ಹೇಳಿಕಳಿಸಿದರೂ ಚೌಡ ಬರಲಿಲ್ಲ.

ಕೆಲವು ವರ್ಷಗಳ ಮೇಲೆ, ಕರೆಂಟು ಬಂದ ಬನವಾಸಿಯಲ್ಲಿ ಒಂದು ಮದುವೆ. ಮಧುಕೇಶ್ವರ ಪಂಕ್ತಿಯ ನಡುವೆ ಎದ್ದು ನಿಂತ.

"ಮುರಿಗೆವ್ವನ ಮನಿ ಮದುವ್ಯಾಗ ದೀಪ ಮಂಕಾಗಿದ್ದು ನನ್ನಿಂದ್ರಿ. ಚೌಡಂದೇನೂ ತಪ್ಪಿರಲಿಲ್ಲ."

ಪಕ್ಕದವ ಅವನ ಧೋತರ ಹಿಡಿದು ಜಗ್ಗಿದ. "ಯಾವ ಚೌಡನೋ ಮಾರಾಯ? ಕುಂಡ್ರು, ಸಾರು ಆರತೈತಿ."

ಕೂತ. ತುತ್ತು ಕಲಸಿದ. ಬಾಯಿಗಿಡಲು ಆಗಲಿಲ್ಲ.