ಕಿಟಕಿ ಇತ್ತು

ಬಿಯರ್ ಕುಡಿದೂ ಕುಡಿದೂ ಮರವೇ ನೆನೆದುಹೋದಂಥ ವಾಸನೆ. ಹೋದ ಭಾನುವಾರ ಫ್ರೀಮ್ಯಾಂಟಲ್‌ನ ಹಳೇ ಪಬ್ಬಿನ ಬಾಗಿಲು ದಾಟಿದ ಕೂಡಲೇ ಮೂಗಿಗೆ ಬಡೀತು. ಕಂಕುಳಲ್ಲಿ ಮೊಮ್ಮಗಳು, ಅವತ್ತು ಅವಳಿಗೆ ಮೂರು ತುಂಬಿತ್ತು. ಬಹಳ ವರ್ಷ ಕಾದು ಕಾದು ಹುಟ್ಟಿದ ಕೂಸು, ಎತ್ತಿಕೊಂಡರೆ ಸಾಕು, ಹಾಲು ಉಕ್ಕಿದ ಹಾಗೆ ಉಕ್ಕಿಬಿಡ್ತೀನಿ. ಅಂಥ ಸಂತೋಷದಲ್ಲೇ ಪಕ್ಕದ ಮನೆ ಅಜ್ಜಿ ನೆನಪಾಗಿಬಿಟ್ಟರು…

ಇವಳು ಹುಟ್ಟೋದಕ್ಕೆ ಮುಂಚಿನ ಮಾತು, ಆಗಲೂ ನಾನು ಇಲ್ಲೇ ಆಸ್ಟ್ರೇಲಿಯಾದಲ್ಲಿ ಮಗಳ ಮನೇಲಿದ್ದೆ. ಅವರು ನನಗಿಂತ ಬಹಳ ದೊಡ್ಡವರು. ನನಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಬೇಲಿ ಮೇಲಿಂದ ನಾನು ಕೋಡುಬಳೆ ಕೊಡೋದು, ಅವರು ನಿಂಬೆಹಣ್ಣು ಕೊಡೋದು, ಅಷ್ಟರಲ್ಲೇ ಸ್ನೇಹ.

ಅವರು ಹುಟ್ಟಿದ್ದು ಆ ಪಬ್ಬಿನ ಮಹಡಿ ಮೇಲಂತೆ. ಅವರಪ್ಪ ಅದನ್ನು ನಡೆಸ್ತಿದ್ದರು. ಅಜ್ಜಿಯ ತಾಯಿ ಹಾಸಿಗೆ ಹಿಡಿದಾಗ, ಮಲಗಿದ್ದಲ್ಲಿಂದಲೇ ಹಡಗು ಕಾಣಲಿ ಅಂತ ಹಿಂದಿನ ಕಲ್ಲುಗೋಡೆ ಒಡೆಸಿ ಒಂದು ಕಿಟಕಿ ಇಡಿಸಿದರಂತೆ. ನನಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದು ಮಗಳು. ಎಷ್ಟೋ ವರ್ಷ ಮುಚ್ಚಿದ್ದ ಕಟ್ಟಡ, ರಿಪೇರಿಯಾಗಿ ಆಗ ತಾನೇ ತೆರೆದಿತ್ತು. ಕಿಟಕಿ ಉಳಿಸಿದ್ದಾರೋ, ಮುಚ್ಚಿಬಿಟ್ಟಿದ್ದಾರೋ? ಅದೊಂದೇ ಯೋಚನೆ ಅಜ್ಜಿಗೆ. ಬೀದಿಯಿಂದ ಅದು ಕಾಣಲ್ಲ.

ಅವರ ಮಗ ಅವರನ್ನು ದೂರದ ಅಡಿಲೇಡಿಗೆ, ಮಾಡ್ಬರಿಯ ತನ್ನ ಮನೆಗೆ ಕರ್ಕೊಂಡು ಹೋಗೋ ದಿನ ಬಂತು. ಬೆಳಗ್ಗೆ ಅಜ್ಜಿ ಬೇಲಿ ಹತ್ತಿರ ಬಂದು ನನ್ನ ಕೈ ಹಿಡಿದರು. ಮಗಳು ಗಣಿ ಕೆಲಸಕ್ಕೆ ದೂರ ಹೋಗಿದ್ದಳು. ನಾವಿಬ್ಬರೇ ಫ್ರೀಮ್ಯಾಂಟಲ್ ರೈಲು ಹತ್ತಿದ್ವಿ.

ಮೊಳದಪ್ಪದ ಗೋಡೆ. ಚಾವಣಿಗೆ ಹೂಬಳ್ಳಿ ಅಚ್ಚೊತ್ತಿದ ತಗಡು. ಮೆಟ್ಟಿಲು ಮಾತ್ರ ತೀರಾ ಕಡಿದಾದ್ದು, ಇಕ್ಕಟ್ಟು, ಒಬ್ಬರು ಹತ್ತಿದರೆ ಇನ್ನೊಬ್ಬರಿಗೆ ಜಾಗವಿಲ್ಲ. ಹಳೇದನ್ನು ಮುಟ್ಟಬಾರದು ಅಂತ ಕಾನೂನಂತೆ, ಲಿಫ್ಟು ಹಾಕಿರಲಿಲ್ಲ. ಮೊದಲ ಮೆಟ್ಟಿಲಿಗೆ ಕೋಲೂರಿದರು ಅಜ್ಜಿ, ಕಾಲು ಏಳಲಿಲ್ಲ. ತಾನು ಹುಟ್ಟಿದ ಮನೆಯ ಮೆಟ್ಟಿಲು…

"ಯೂ ಗೋ, ಲವ್," ಅಂದರು. ನನ್ನನ್ನು ಅವರು ಪ್ರೀತಿಯಿಂದ ಕರೀತಿದ್ದದ್ದೇ ಹಾಗೆ. ಗಾಳಿಯಲ್ಲಿ ಬೆರಳಿಂದ ಒಂದು ಚೌಕ ಬರೆದು, ನನ್ನ ಕಣ್ಣು ತೋರಿಸಿದರು.

ಹತ್ತಿದೆ. ಹಿಂದಿನ ಕೋಣೆಗೆ ಹೋದೆ. ಕಿಟಕಿ ಇತ್ತು! ಬಣ್ಣ ಹೊಸದು, ಕಲ್ಲು ಹಳೇದೇ. ಆಚೆ ಬಂದರುಕಟ್ಟೆ, ಬೆನ್ನ ಮೇಲೆ ಡಬ್ಬ ಪೇರಿಸಿಕೊಂಡ ಹಡಗು.

ದಡದಡ ಇಳಿದು ಬಂದೆ. ಏದುಸಿರು, ಯೆಸ್ ಅನ್ನೋದೂ ತೋಚಲಿಲ್ಲ. "ಇದೆ ಅಜ್ಜೀ, ಇದೆ!" ಅಂತ ನಮ್ಮ ಭಾಷೇಲೇ ಕೂಗಿ, ಸಂತೋಷಕ್ಕೆ ತಲೆಯನ್ನು ಆ ಕಡೆ ಈ ಕಡೆ ಜೋರಾಗಿ ಆಡಿಸಿದೆ. ಅಜ್ಜಿ ನನ್ನನ್ನೇ ನೋಡಿದರು. ಕಣ್ಣು ತುಂಬಿತು. "ನೆವರ್ ಮೈಂಡ್, ಲವ್," ಅಂತ ನನ್ನ ಕೈ ತಟ್ಟಿದರು. ಆನಂದಕ್ಕೆ ಅಳ್ತಿದ್ದಾರೆ ಅಂದ್ಕೊಂಡು ನಾನೂ ಅತ್ತೆ. ಸಂಜೆ ಹೊರಟುಹೋದರು.

ಮಗಳು ಬಂದ ಮೇಲೆ ಎಲ್ಲಾ ಹೇಳಿ, ಹೆಮ್ಮೆಯಿಂದ ತಲೆ ಆಡಿಸಿ ತೋರಿಸಿದೆ. ಅವಳ ಮುಖ ಬಾಡಿತು.

"ಅಮ್ಮಾ… ಹಾಗೆ ಆಡಿಸಿದರೆ ಇಲ್ಲಿಯವರಿಗೆ ಇಲ್ಲ ಅಂತ ಅರ್ಥ ಕಣಮ್ಮಾ."

ನಿಂತ ಕಾಲಲ್ಲೇ ಫೋನು ಮಾಡಿಸಿದೆ. ಅವರ ಮಗ ಎತ್ತಿದ. ಅಲ್ಲಿಗೆ ಹೋದ ಒಂದೇ ವಾರದಲ್ಲಿ ಅಜ್ಜಿ ತೀರಿಕೊಂಡಿದ್ದರು. ಇನ್ನು ಯಾರಿಗೆ ಹೇಳಲಿ, ಹೇಗೆ ಹೇಳಲಿ…

ಭಾನುವಾರ ಮೊಮ್ಮಗಳನ್ನು ಎತ್ತಿಕೊಂಡೇ ಆ ಮೆಟ್ಟಿಲು ಹತ್ತಿದೆ. "ನಿಧಾನ ಅತ್ತೆ, ಪಬ್ಬಲ್ಲಿ ಬಿದ್ದರು ಅಂದ್ರೆ ನೆಂಟರು ಏನೇನೋ ಅಂದ್ಕೋತಾರೆ," ಅಂತ ಹಿಂದಿನಿಂದ ಅಳಿಯ ನಗಾಡಿದ. ಕೂಸು ಕಿಟಕಿ ಗಾಜಿಗೆ ಮೂಗು ಒತ್ತಿ, "ಅಜ್ಜೀ, ಬಿಗ್ ಶಿಪ್!" ಅಂತು.

ಹೌದು ಅಂತ ತಲೆ ಆಡಿಸಿದೆ. ಮೇಲೆ ಕೆಳಗೆ, ಮೇಲೆ ಕೆಳಗೆ… ಮೆಟ್ಟಿಲ ಬುಡದಲ್ಲಿ ಯಾರೂ ಕಾಯ್ತಿರಲಿಲ್ಲ.