ಅನ್ನದ ಪಾತ್ರೆಯಲ್ಲೂ ನೀರು!

ಗೆಳೆಯರೇ, ಹಳೇಬೀಡಿನ ನಮ್ಮ ಬೀದಿಯಲ್ಲಿ ಇವತ್ತಿನಿಂದ ದಿನವಿಡೀ ನಲ್ಲಿ ನೀರು! ಮೂರು ದಿನಕ್ಕೊಮ್ಮೆ ನೀರು ಬರುತ್ತಿದ್ದಾಗ ತಿಂಡಿಯನ್ನಷ್ಟೇ ಮಾಡುತ್ತಿದ್ದ ಹೋಟೆಲಿನ ಜಯಮ್ಮ ಇಂದಿನಿಂದ ಮಧ್ಯಾಹ್ನದ ಊಟವನ್ನೂ ಕೊಡುತ್ತೇನೆಂದು ರತ್ನಮ್ಮನನ್ನು ಕೆಲಸಕ್ಕೆ ಸೇರಿಸಿಕೊಂಡರು. ನಾನು ಹಸಿದು ಊಟಕ್ಕೆ ಹೋದರೆ ಒಲೆಯೇ ಹಚ್ಚಿಲ್ಲ. ಹಳೆಯ ಅಭ್ಯಾಸಕ್ಕೆ ಜಯಮ್ಮ ಅನ್ನದ, ಸಾರಿನ ಪಾತ್ರೆಗಳಲ್ಲೆಲ್ಲ ನೀರು ಹಿಡಿದಿಟ್ಟಿದ್ದಾರೆ!

“ಸಂಜೆಗಂಟ ಬತ್ತೈತೆ ಕಣಕ್ಕಾ,” ಎಂದ ನೀರು ಬಿಡುವ ಮಂಜ.

“ನಿಂತೋದ್ರೆ ನೀನ್ ಹೊತ್ಕೊಂಡ್ ಬತ್ತೀಯೇನ್ಲಾ?” ಎಂದರು ಜಯಮ್ಮ.

“ಅಕ್ಕಾ, ಎರಡ್ ಪಾತ್ರೆ ಚೆಲ್ಲು. ಇಲ್ದಿದ್ರೆ ಸೇರಿದ್ ದಿನವೇ ನನ್ ಕೆಲ್ಸ ಹೋಯ್ತದೆ,” ಎಂದು ರತ್ನಮ್ಮ ಗೋಗರೆದಳು.

ಜಯಮ್ಮ ಕಣ್ಣು ಮುಚ್ಚಿಕೊಂಡು ಚೆಲ್ಲಿದರು. ಎರಡು ಗಂಟೆಗೆ ನಲ್ಲಿಯಲ್ಲಿ ನೀರು, ಎಲೆಯ ಮೇಲೆ ಸಾರು, ರತ್ನಮ್ಮನ ಓಡಾಟ ಜೋರು!

ನಗುತ್ತಾ ಮನೆಗೆ ಬಂದೆ. ನಮ್ಮ ಕುಕ್ಕರಿನ ತುಂಬಾ ನೀರು. ಬೆಳಿಗ್ಗೆ ಹಿಡಿದಿಟ್ಟವನು ನಾನೇ.